ಗೌರಿ ಉಂಡ ಹಬ್ಬದೂಟ

ಚಿತ್ರದುರ್ಗದಲ್ಲಿ ಭೀಮಸಮುದ್ರದ ಬಸ್ಸು ಹತ್ತಿ ಕೂತ ಕೂಡಲೇ ಮೊಮ್ಮಗ ಕೇಳಿದ, "ತಾತ, ಅಲ್ಲಿ ನಿಜವಾಗ್ಲೂ ಸಮುದ್ರ ಇದೆಯಾ?"

"ಇದೆ. ಆದ್ರೆ ನೀರು ಉಪ್ಪಿಲ್ಲ" ಅಂದೆ. ನಮ್ಮ ಹಿರಿಯರು ದೊಡ್ಡ ಕೆರೆ ಕಟ್ಟಿಸಿದರೆ ಅದಕ್ಕೆ ಸಮುದ್ರ, ಸಾಗರ ಅಂತಲೇ ಹೆಸರಿಡುತ್ತಿದ್ದರು. ಊರಿಗೂ ಅದೇ ಹೆಸರು ಅಂಟಿಕೊಳ್ಳುತ್ತಿತ್ತು. ಬಸ್ಸು ಊರು ಸಮೀಪಿಸುತ್ತಿದ್ದಂತೆ ಕೆರೆಯ ಏರಿ ಕಂಡಿತು, ಅದರ ಹಿಂದೆ ನೀರು ಮಿನುಗಿತು. ಆ ವರ್ಷ ಮಳೆ ಚೆನ್ನಾಗಿತ್ತು. ಬೆಂಗಳೂರಿನ ಹುಡುಗ ಕಿಟಕಿಗೆ ಮುಖ ಒತ್ತಿಕೊಂಡು ಕೂತುಬಿಟ್ಟ.

ಭೀಮಸಮುದ್ರ ಅಂದರೆ ಅಡಿಕೆ. ಕೆರೆ ಎಷ್ಟು ಹೆಸರುವಾಸಿಯೋ ಇಲ್ಲಿಯ ಅಡಿಕೆ ವ್ಯಾಪಾರವೂ ಅಷ್ಟೇ. ದೀಪಾವಳಿ ಹೊತ್ತಿಗೆ ಹೋದರೆ ಊರಿನ ತುಂಬ ಬೇಯಿಸಿದ ಅಡಿಕೆಯ ಒಗರು ವಾಸನೆ. ಕಣಗಳಲ್ಲಿ ಕೆಂಪಗೆ ಹರವಿದ ಅಡಿಕೆ, ನೆರಳಲ್ಲಿ ಕೂತು ಮಾತಾಡುತ್ತಲೇ ಕಾಯಿ ಸುಲಿಯುವ ಹೆಂಗಸರು. ಜೊತೆಗೆ ಈ ಸೀಮೆಯ ಕಬ್ಬಿಣದ ಅದಿರಿನ ಕೆಂಪು ಧೂಳು. ನನ್ನ ಬಿಳಿ ಪಂಚೆ ಸಂಜೆಯೊಳಗೆ ಬಣ್ಣ ಬದಲಿಸಿತ್ತು.

ಅಕ್ಕನಿಗೆ ಎಪ್ಪತ್ತು ದಾಟಿದೆ. ಭಾವ ಹೋದ ಮೇಲೆ ಒಂದು ಎಕರೆ ತೋಟ, ಒಂದು ಹಸು, ಅದರ ಕರು, ಇಷ್ಟೇ ಅವಳ ಲೋಕ. ಹಸುವಿನ ಹೆಸರು ಗೌರಿ. ಕಪ್ಪು ಬಿಳುಪಿನ ಮಿಶ್ರತಳಿ. ಕರು ಹಾಕಿ ಮೂರು ತಿಂಗಳಾಗಿತ್ತು, ದಿನಕ್ಕೆ ಹತ್ತು ಲೀಟರ್ ಹಾಲು ಕೊಡುತ್ತಿತ್ತು. ಅಕ್ಕನ ಔಷಧಿ, ಕರೆಂಟ್ ಬಿಲ್ಲು, ಮದುವೆ ಮನೆಯ ಮುಯ್ಯಿ ಎಲ್ಲವೂ ಡೇರಿಯ ಆ ದುಡ್ಡಿನಲ್ಲೇ ನಡೆಯಬೇಕು.

ಅಕ್ಕ ಗೌರಿಗೆ ಮೇವು ಹಾಕುವುದನ್ನು ನೋಡಬೇಕು. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಅಳತೆಯ ಡಬ್ಬದಲ್ಲಿ ಹಿಂಡಿ, ಬೂಸಾ. ಮೈಗೆ ಒಂದೂವರೆ ಎರಡು ಕಿಲೊ, ಅದರ ಮೇಲೆ ಹಾಲಿನ ಎರಡೂವರೆ ಲೀಟರಿಗೆ ಒಂದು ಕಿಲೊ ಲೆಕ್ಕ. ಅದನ್ನೂ ಒಂದೇ ಸಲ ಸುರಿಯುವುದಿಲ್ಲ, ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಆಮೇಲೆ ರಾಗಿ ಹುಲ್ಲು, ಮೆಕ್ಕೆಜೋಳದ ಸೊಪ್ಪೆ, ತೋಟದ ಬದುವಿನ ಹಸಿ ಹುಲ್ಲು. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನೂ ಸಣ್ಣಗೆ ಕತ್ತರಿಸಿ ಹುಲ್ಲಿನ ಜೊತೆ ಬೆರೆಸುತ್ತಾಳೆ. ನಾವು ಊಟದ ತಟ್ಟೆ ಮಾಡುವ ಅದೇ ಹಾಳೆ ಕಣ್ರೋ ಮಕ್ಕಳೇ!

"ಅಜ್ಜಿ, ದಿನಾ ಬರೀ ಹುಲ್ಲು ಕೊಟ್ರೆ ಅದಕ್ಕೆ ಬೇಜಾರಾಗಲ್ವಾ?" ಹುಡುಗ ಕೇಳಿದ.

"ಅದ್ರ ಹೊಟ್ಟೆ ನಿನ್ ಹೊಟ್ಟೆ ಅಲ್ಲ ಮಗಾ" ಅಂದಳು ಅಕ್ಕ.

ಆ ಮಾತು ನಮ್ಮಿಬ್ಬರ ಕಿವಿಗೂ ಸರಿಯಾಗಿ ಬೀಳಲಿಲ್ಲ.

ಬಲಿಪಾಡ್ಯಮಿಯ ದಿನ ಗೌರಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಚೆಂಡು ಹೂವಿನ ಹಾರ ಹಾಕಿದರು. ಅಕ್ಕ ಆರತಿ ಎತ್ತಿ, ಒಂದು ಹೋಳಿಗೆಯನ್ನು ನಾಲ್ಕು ಚೂರು ಮಾಡಿ, ಒಂದು ಚೂರು ಗೌರಿಗೆ, ಒಂದು ಕರುವಿಗೆ, ಉಳಿದೆರಡು ಪಕ್ಕದ ಮನೆಯ ಎತ್ತುಗಳಿಗೆ ಕೊಟ್ಟಳು. ಮೊಮ್ಮಗನಿಗೆ ಇದು ತೀರಾ ಜಿಪುಣತನವಾಗಿ ಕಂಡಿತು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು.

ಸಂಜೆ ಅಕ್ಕ ನೆಂಟರ ಮನೆಗೆ ಹೋಗಿದ್ದಳು. ಬೀದಿಯ ಮಕ್ಕಳು ತಮ್ಮ ತಮ್ಮ ಮನೆಯ ಹೋಳಿಗೆ ತಂದು ಗೌರಿಗೆ ತಿನ್ನಿಸತೊಡಗಿದರು. ಮಧ್ಯಾಹ್ನದ ಅನ್ನ ದೊಡ್ಡ ಪಾತ್ರೆಯಲ್ಲಿ ಹಾಗೇ ಉಳಿದಿತ್ತು. "ತಾತ, ಇದನ್ನೂ ಕೊಡೋಣ, ಇವತ್ತು ಅದ್ರ ಹಬ್ಬ ತಾನೆ?" ಬಕೆಟ್ಟಿಗೆ ಅನ್ನ ಸುರಿದವನು ಅವನು, ಬಕೆಟ್ಟು ಹೊತ್ತುಕೊಂಡು ಹೋಗಿ ಗೋದಲಿಗೆ ಹಾಕಿದವನು ನಾನು. ಮೇಲೆ ಒಂದು ಅಚ್ಚು ಬೆಲ್ಲ. ಗೌರಿ ಮುಸುಡಿ ಎತ್ತದೆ ತಿಂದಿತು. ಅದರ ಖುಷಿ ನೋಡಿ ನಮಗೂ ಖುಷಿ.

ಬೆಳಿಗ್ಗೆ ಐದೂವರೆಗೆ ಅಕ್ಕನ ಕೂಗಿಗೆ ಎಚ್ಚರವಾಯಿತು. ಗೌರಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿತ್ತು, ಹಲ್ಲು ಕಡಿಯುತ್ತಿತ್ತು. ಕಣ್ಣು ಒಳಗೆ ಹೋಗಿದ್ದವು. ಸಗಣಿ ನೀರು ನೀರಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಅಕ್ಕ ಅದರ ಎಡ ಪಕ್ಕೆಯ ಗುಳಿಗೆ ಮುಷ್ಟಿ ಒತ್ತಿ ನಿಂತಳು. ಬಹಳ ಹೊತ್ತು ನಿಂತಳು.

"ಹೊಟ್ಟೆ ಓಡ್ತಾನೇ ಇಲ್ಲ ತಮ್ಮಾ. ಏನ್ ಹಾಕಿದ್ರಿ ಇದಕ್ಕೆ?"

ನಾನು ಹೇಳಿದೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಪಕ್ಕದ ಮನೆಯ ಹಿರಿಯರು ಗೊಟ್ಟ ತಂದು ಎಣ್ಣೆ ಕುಡಿಸೋಣ ಅಂದರು. ಅಷ್ಟರಲ್ಲಿ ಗೌರಿ ಕುಸಿದು ಕೂತಿತು. ಯಾರೋ ಪಶು ಸಹಾಯವಾಣಿ 1962ಕ್ಕೆ ಫೋನು ಮಾಡಿದರು, ಅಕ್ಕ ತನಗೆ ಪರಿಚಯವಿದ್ದ ಪಶುವೈದ್ಯರಿಗೂ ಮಾಡಿದಳು. ವೈದ್ಯರು ಹಬ್ಬದ ಮರುದಿನವಾದರೂ ಬೈಕಿನಲ್ಲಿ ಬಂದರು. ಗೊಟ್ಟ ನೋಡಿದವರೇ, "ಮಲಗಿರೋ ಹಸುಗೆ ಬಲವಂತವಾಗಿ ಏನೂ ಸುರೀಬೇಡಿ, ಶ್ವಾಸಕೋಶಕ್ಕೆ ಹೋದ್ರೆ ಕಷ್ಟ" ಅಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಅನ್ನ ಎಷ್ಟು?"

ನಾನು ಬಕೆಟ್ಟು ತೋರಿಸಿದೆ.

ಅವರು ರಕ್ತನಾಳಕ್ಕೆ ಡ್ರಿಪ್ ಹಾಕಿದರು. ಹೊಟ್ಟೆಗೆ ಕೊಳವೆ ಇಳಿಸಿ ಒಳಗಿನ ಹುಳಿ ನೀರನ್ನು ಆದಷ್ಟು ಹೊರಗೆ ತೆಗೆದು, ಅಡುಗೆ ಸೋಡ ಕರಗಿಸಿದ ನೀರು ಬಿಟ್ಟರು. ಹನಿ ಬೀಳುವುದನ್ನು ನೋಡುತ್ತ ಕೊಟ್ಟಿಗೆಯ ಮೂಲೆಯಲ್ಲಿ ಅಳುತ್ತಿದ್ದ ಹುಡುಗನನ್ನು ಹತ್ತಿರ ಕರೆದರು.

"ಹಸುವಿನ ದೊಡ್ಡ ಹೊಟ್ಟೆ ಅಂದ್ರೆ ಒಂದು ತೊಟ್ಟಿ ಇದ್ದ ಹಾಗೆ. ನೂರು ಲೀಟರಿಗಿಂತ ಜಾಸ್ತಿ ಹಿಡಿಸುತ್ತೆ. ಅದರೊಳಗೆ ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳಿವೆ. ಹುಲ್ಲನ್ನ ಜೀರ್ಣ ಮಾಡೋದು ಹಸು ಅಲ್ಲ, ಅವು. ಹಸು ಅವಕ್ಕೆ ಊಟ ಹಾಕುತ್ತೆ, ಅವು ಹಸುಗೆ ಊಟ ಹಾಕ್ತವೆ. ಹುಲ್ಲು ತಿನ್ನೋ ಜೀವಿಗಳು ನಿಧಾನ. ಅನ್ನ, ಬೆಲ್ಲ ತಿನ್ನೋವು ಬೇರೆ ಇವೆ, ಅವು ಸಿಕ್ಕಾಪಟ್ಟೆ ಬೇಗ. ಒಂದೇ ಸಲ ಬಕೆಟ್ ಅನ್ನ ಬಿದ್ರೆ ರಾತ್ರಿ ಬೆಳಗಾಗೋದ್ರೊಳಗೆ ಅವು ಹೆಚ್ಚಿ, ಹೊಟ್ಟೆ ತುಂಬ ಹುಳಿ ಮಾಡಿಬಿಡ್ತವೆ. ಆ ಹುಳಿಗೆ ಹುಲ್ಲಿನ ಜೀವಿಗಳು ಸಾಯ್ತವೆ. ಮೈಯಲ್ಲಿರೋ ನೀರೆಲ್ಲ ಹೊಟ್ಟೆಗೆ ಇಳಿಯುತ್ತೆ. ಅದಕ್ಕೇ ನೋಡು, ಕಣ್ಣು ಒಳಗೆ ಹೋಗಿರೋದು."

"ಅನ್ನ ನಮಗೆ ಏನೂ ಮಾಡಲ್ವಲ್ಲ?"

"ನಿನಗೆ ಆ ತೊಟ್ಟಿ ಇಲ್ವಲ್ಲ! ಇನ್ನೊಂದು ಗೊತ್ತಾ? ಹಸು ತನ್ನ ಸೋಡ ತಾನೇ ತಯಾರಿಸುತ್ತೆ. ಅದರ ಎಂಜಲಲ್ಲಿ ಸೋಡ ಇದೆ, ದಿನಕ್ಕೆ ನೂರು ಲೀಟರಿನಷ್ಟು ಎಂಜಲು ಸುರಿಸುತ್ತೆ. ಹುಲ್ಲು ಮೆಲುಕು ಹಾಕಿದಷ್ಟೂ ಎಂಜಲು ಒಳಗೆ ಹೋಗುತ್ತೆ, ಹುಳಿ ಏರಲ್ಲ. ಅನ್ನಕ್ಕೆ ಮೆಲುಕು ಬೇಕಿಲ್ಲ. ಮೆಲುಕಿಲ್ಲ ಅಂದ್ರೆ ಸೋಡ ಇಲ್ಲ."

ಮೂವತ್ತು ವರ್ಷ ಪಾಠ ಹೇಳಿದವನು ನಾನು. ಇಷ್ಟು ಚೆನ್ನಾದ ಪಾಠ ಹೇಳಿದ ನೆನಪಿಲ್ಲ.

ಮರುದಿನವೂ ಗೌರಿ ಮೆಲುಕು ಹಾಕಲಿಲ್ಲ. ವೈದ್ಯರು ಮತ್ತೆ ಬಂದು ಪಕ್ಕದ ಮನೆಯ ಗಟ್ಟಿಮುಟ್ಟು ಎತ್ತೊಂದನ್ನು ಆರಿಸಿ, ಅದು ಮೆಲುಕು ಹಾಕುವ ಹೊತ್ತಿಗೆ ಬಾಯಿಗೆ ಕೈ ಹಾಕಿ ಹಸಿರು ಉಂಡೆಯನ್ನು ತೆಗೆದು, ಉಗುರು ಬೆಚ್ಚಗಿನ ನೀರಲ್ಲಿ ಕಲಸಿ ಗೌರಿಯ ಹೊಟ್ಟೆಗೆ ಇಳಿಸಿದರು. ಮೂರು ನಾಲ್ಕು ಸಲ ಹೀಗೆ ಮಾಡಿದರು. ಮೊಸರು ಮಾಡಲು ಪಕ್ಕದ ಮನೆಯಿಂದ ಹೆಪ್ಪು ತರುತ್ತೇವಲ್ಲ, ಅದೇ ಲೆಕ್ಕ. ಹುಡುಗ ಮೊದಲು "ಛೀ" ಅಂದ, ಆಮೇಲೆ ತಾನೇ ಎತ್ತಿನ ಹಗ್ಗ ಹಿಡಿದುಕೊಂಡ.

ಇನ್ನು ಮಾಡುವುದಕ್ಕೆ ಏನೂ ಇರಲಿಲ್ಲ, ಕಾಯಬೇಕು. ಕೊಟ್ಟಿಗೆಯಲ್ಲಿ ಕೂತು ಕೂತು ಮುಖ ಸಣ್ಣ ಮಾಡಿಕೊಂಡಿದ್ದ ಮೊಮ್ಮಗನನ್ನು ಎಬ್ಬಿಸಿಕೊಂಡು ಕೆರೆ ಏರಿಗೆ ಹೋದೆ. ನೀರಿನ ಅಂಚಿನಲ್ಲಿ ದನಗಳು ಮೇಯುತ್ತಿದ್ದವು. ಅವುಗಳಲ್ಲಿ ಒಂದು ಜೋಡಿ, ಬೂದು ಮೈ, ಹಿಂದಕ್ಕೆ ಚಾಚಿ ಮೇಲಕ್ಕೆ ಚೂಪಾಗಿ ನಿಂತ ಕೊಂಬು. ಅಮೃತಮಹಲ್ ಜಾತಿ. ಇತಿಹಾಸದ ಮೇಷ್ಟ್ರಿಗೆ ಇಷ್ಟು ಸಿಕ್ಕರೆ ಸಾಕು.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1672ರಿಂದ 1704ರೊಳಗೆ, ಅರಮನೆಯ ದನಗಳಿಗೆ ಬೆಣ್ಣೆ ಚಾವಡಿ ಅನ್ನುವ ಇಲಾಖೆಯೇ ಇತ್ತು. ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟದ್ದು ಟಿಪ್ಪು ಸುಲ್ತಾನ್. ಅದಕ್ಕೆ ಮುಂಚೆ ಹೈದರಾಲಿ ಈ ಎತ್ತುಗಳನ್ನು ಕಟ್ಟಿಕೊಂಡೇ ಎರಡೂವರೆ ದಿನದಲ್ಲಿ ನೂರು ಮೈಲಿ ದಾಟಿ ಚಿದಂಬರ ತಲುಪಿದನೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಇವಕ್ಕಾಗಿ ರಾಜ್ಯದ ಉದ್ದಗಲಕ್ಕೂ ಕಾವಲುಗಳೆಂಬ ಹುಲ್ಲುಗಾವಲು ಮೀಸಲಿದ್ದವು. ನಮ್ಮ ಚಿತ್ರದುರ್ಗ ಸೀಮೆಯಲ್ಲೂ ಬೇಕಾದಷ್ಟಿದ್ದವು. ಅವುಗಳಲ್ಲಿ ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ. ಬೇಸಿಗೆ ಕಾವಲು ಹೆಚ್ಚಾಗಿ ಕೆರೆಯಂಗಳದಲ್ಲಿ, ಬೇರೆಲ್ಲ ಒಣಗಿದಾಗಲೂ ಅಲ್ಲಿ ಹಸಿರು ಇರುತ್ತದಲ್ಲ. ಹಸುಗಳ ಹಾಲನ್ನು ಕರುಗಳಿಗೇ ಬಿಡುತ್ತಿದ್ದರು. ಹುಲ್ಲು ಮೇಯ್ದು ಬೆಳೆದ ಹೋರಿಗೆ ಪೂರ್ತಿ ಬಲ ಬರುವುದು ಏಳನೇ ವರ್ಷಕ್ಕೆ. ಯಾರಿಗೂ ಅವಸರವಿರಲಿಲ್ಲ.

"ಗೌರಿ ಅಷ್ಟು ನಿಧಾನನಾ?"

"ಇಲ್ಲ. ಗೌರಿ ಜಾತಿಯದು ಚೆನ್ನಾಗಿ ಮೇಯಿಸಿದರೆ ಮೂರು ವರ್ಷದೊಳಗೇ ಕರು ಹಾಕುತ್ತೆ. ಹತ್ತು ಲೀಟರ್ ಹಾಲು ಬರೀ ಒಣ ಹುಲ್ಲಿನಿಂದ ಬರಲ್ಲ, ಹಿಂಡಿ ಬೇಕು. ಆದರೆ ಹಿಂಡಿ ಹೆಚ್ಚಿಸೋದಿದ್ರೂ ದಿನಕ್ಕೆ ಸ್ವಲ್ಪ ಸ್ವಲ್ಪ, ಎರಡು ವಾರ ಹಿಡಿಯಬೇಕು."

ಈ ಎರಡು ವಾರದ ಮಾತು ನನಗೆ ಗೊತ್ತಾಗಿದ್ದು ಹಿಂದಿನ ದಿನ, ವೈದ್ಯರಿಂದ. ಕಾವಲುಗಳ ಬಗ್ಗೆ ವರ್ಷಗಟ್ಟಲೆ ಪಾಠ ಹೇಳಿ, ಅನ್ನದ ಬಕೆಟ್ಟು ಹೊತ್ತವನು ನಾನೇ ಅಲ್ಲವೇ!

ಏರಿಯ ಮೇಲೆ ಕಂಬಳಿ ಹೊದ್ದು ಕುರಿ ಕಾಯುತ್ತಿದ್ದ ಅಜ್ಜನಿಗೆ ನಮ್ಮ ಸಂಗತಿ ಆಗಲೇ ತಿಳಿದಿತ್ತು. ಊರೆಂದರೆ ಹಾಗೇ. "ಕುರಿಗೂ ಅಷ್ಟೇ ಸ್ವಾಮಿ" ಅಂದ. "ಮುಂಗಾರು ಬಿದ್ದು ಎಳೆ ಹುಲ್ಲು ಬಂತಂದ್ರೆ ಬಾಯಿ ಬಿಡದಂಗೆ ಮೇಯ್ತವೆ. ರಾತ್ರಿ ಚೆನ್ನಾಗಿದ್ದ ಕುರಿ ಬೆಳಿಗ್ಗೆ ಸತ್ತಿರ್ತದೆ, ಕರುಳು ಬೇನೆ. ಅದಕ್ಕೇ ಮಳೆಗೆ ಮುಂಚೆನೇ ಸೂಜಿ ಹಾಕಿಸ್ತೀವಿ." ಬರ ಬಿದ್ದು ಬಾಡಿದ ಎಳೆ ಜೋಳಕ್ಕೆ ದನ ಬಿಡಬಾರದು ಅಂತಲೂ ಹೇಳಿದ. ಅದರಲ್ಲಿ ಸಯನೈಡ್ ಹುಟ್ಟುತ್ತದೆ ಎಂದು ನಾನು ಮೊಮ್ಮಗನಿಗೆ ವಿವರಿಸಿದೆ. ಅಜ್ಜನಿಗೆ ಆ ಹೆಸರು ಗೊತ್ತಿರಲಿಲ್ಲ, ಜೋಳ ಮೊಣಕಾಲೆತ್ತರ ಇರುವಾಗ ದನವನ್ನು ಹೊಲದ ಕಡೆ ತಿರುಗಿಸಬಾರದು ಅನ್ನುವುದು ಗೊತ್ತಿತ್ತು.

ಮೂರನೇ ದಿನ ಬೆಳಿಗ್ಗೆ ಹುಡುಗ ನನಗಿಂತ ಮೊದಲೇ ಎದ್ದು ಕೊಟ್ಟಿಗೆಗೆ ಓಡಿದ್ದ. ಗೌರಿಯ ಎಡ ಪಕ್ಕೆಯ ಮೇಲೆ ಅಂಗೈ ಇಟ್ಟು, ನನ್ನ ಕೈಗಡಿಯಾರ ಹಿಡಿದುಕೊಂಡು ಅಕ್ಕ ಪಕ್ಕದಲ್ಲಿ ಕೂತಿದ್ದಳು. ಒಳಗಿನಿಂದ ಅಲೆಯೊಂದು ಉಬ್ಬಿ ಬಂದು ಕೈಯನ್ನು ತಳ್ಳಬೇಕು. ಆರೋಗ್ಯವಾಗಿದ್ದರೆ ಎರಡು ನಿಮಿಷಕ್ಕೆ ಎರಡು ಮೂರು ಸಲ.

"ಒಂದು ಬಂತು!" ಹುಡುಗ ಪಿಸುಗುಟ್ಟಿದ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. "ಎರಡು!"

ಮಧ್ಯಾಹ್ನ ಗೌರಿ ಒಂದು ಎಳೆ ರಾಗಿ ಹುಲ್ಲು ಎಳೆದುಕೊಂಡಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದರ ಗಂಟಲಲ್ಲಿ ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಬಂತು, ದವಡೆ ಅಡ್ಡಡ್ಡ ಆಡತೊಡಗಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಏನೂ ಆಗದವಳಂತೆ ಒಳಗೆ ಕಾಫಿಗೆ ಇಡಲು ಹೋದಳು.

ಹಾಲು ಮಾತ್ರ ಬೇಗ ಬರಲಿಲ್ಲ. ಹತ್ತು ಲೀಟರ್ ಇದ್ದದ್ದು ಎರಡಕ್ಕೆ ಇಳಿದಿತ್ತು. ಅದು ಕರುವಿಗೇ ಸರಿಹೋಯಿತು. ಡೇರಿಗೆ ಮತ್ತೆ ಕ್ಯಾನು ಹೋಗಲು ಎರಡು ವಾರ ಹಿಡಿಯಿತು, ಏಳು ಲೀಟರ್ ದಾಟಲು ತಿಂಗಳು. ಕೊಟ್ಟ ಮೇವಿಗೆ ತಕ್ಕಂತೆ ಹಾಲಿನ ಫ್ಯಾಟು ಏರಿಳಿಯುತ್ತದೆ, ಹುಲ್ಲು ಕಡಿಮೆಯಾಗಿ ಹಿಂಡಿ ಜಾಸ್ತಿಯಾದರೆ ಫ್ಯಾಟು ಬೀಳುತ್ತದೆ ಅನ್ನುವುದೆಲ್ಲ ನನಗೆ ತಿಳಿದದ್ದು ಆಗ ಅಕ್ಕನಿಗೆ ದಿನಾ ಫೋನು ಮಾಡಿ ಮಾಡಿ. ಆ ತಿಂಗಳ ಡೇರಿ ದುಡ್ಡು ನಾನು ಕಳಿಸಿದೆ. ಅಕ್ಕ ಬೇಡವೆಂದು ಹಿಂದಕ್ಕೆ ಕಳಿಸಿದಳು, ನಾನು ಮತ್ತೆ ಕಳಿಸಿದೆ.

ಮುಂದಿನ ದೀಪಾವಳಿಗೆ ಮತ್ತೆ ಹೋದೆವು. ಗೌರಿ ಮತ್ತೆ ಕರು ಹಾಕಿ ನಾಲ್ಕು ದಿನವಾಗಿತ್ತು. ಗಿಣ್ಣು ಮಾಡಿಟ್ಟಿರುತ್ತಾಳೆಂದು ನಾನು ದಾರಿಯುದ್ದಕ್ಕೂ ಬಾಯಲ್ಲಿ ನೀರೂರಿಸಿಕೊಂಡು ಹೋದರೆ, ಸಿಕ್ಕಿದ್ದು ಒಂದು ಸಣ್ಣ ಬಟ್ಟಲು. ಮೊದಲ ದಿನದ ಗಿಣ್ಣು ಪೂರಾ ಕರುವಿಗಂತೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಹೊಟ್ಟೆ ತುಂಬ ಗಿಣ್ಣು ಕುಡಿದರೇ ಕರುವಿಗೆ ರೋಗ ತಡೆಯುವ ಶಕ್ತಿ, ಅದು ತಾಯಿಯ ಗರ್ಭದಲ್ಲಿ ಬರುವುದಿಲ್ಲ. ಒಂದು ದಿನ ಕಳೆದ ಮೇಲೆ ಕುಡಿದರೆ ಹಾಲಷ್ಟೇ. ಇದನ್ನು ನನಗೆ ಹೇಳಿದ್ದು ಅಕ್ಕನಲ್ಲ, ಹನ್ನೊಂದು ವರ್ಷದ ಮೊಮ್ಮಗ. ಶಾಲೆಯ ಗ್ರಂಥಾಲಯದಲ್ಲಿ ಓದಿದನಂತೆ.

ಬಲಿಪಾಡ್ಯಮಿಯ ಸಂಜೆ ಬೀದಿಯ ಮಕ್ಕಳು ಹೋಳಿಗೆ ಹಿಡಿದುಕೊಂಡು ಬಂದರು. ಇವನು ಕೊಟ್ಟಿಗೆ ಬಾಗಿಲಲ್ಲಿ ಕೈ ಚಾಚಿ ನಿಂತ. ಒಂದೇ ಒಂದು ಹೋಳಿಗೆ ತೆಗೆದುಕೊಂಡು ನಾಲ್ಕು ಚೂರು ಮಾಡಿದ. ಉಳಿದ ಹೋಳಿಗೆಗಳನ್ನೆಲ್ಲ ಏನು ಮಾಡುವುದೆಂದು ಮಕ್ಕಳು ಕೇಳಿದರು. ಜಗಲಿಯ ಮೇಲೆ ಸಾಲಾಗಿ ಕೂತು ಎಲ್ಲರೂ ತಿಂದರು. ನನಗೆ ಎರಡು ಸಿಕ್ಕಿತು, ತುಪ್ಪ ಇರಲಿಲ್ಲ.