ತಂಗಿಯ ಆಪರೇಷನ್ನೂ ರೋಬೋಟಿನ ಕೈಯೂ

ಸನ್ನೆಯ ಪಾಠ ಮಾಡುವಾಗ ನಾನು ಮಕ್ಕಳಿಗೆ ಒಂದು ಆಟ ಆಡಿಸುತ್ತೇನೆ. ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು ಉದ್ದನೆಯ ಕಡ್ಡಿ ತೂರಿಸುವುದು. ಒಳಗಿನ ಹುಣಸೆ ಬೀಜವನ್ನು ಎಡಕ್ಕೆ ತಳ್ಳುವಂತೆ ಹೇಳುವುದು. ಹುಡುಗ ಕೈಯನ್ನು ಎಡಕ್ಕೆ ಒಯ್ದರೆ ಕಡ್ಡಿಯ ತುದಿ ಬಲಕ್ಕೆ ಹೋಗುತ್ತದೆ. ತೂತೇ ಅಲ್ಲಿ ಆಧಾರಬಿಂದು. ತರಗತಿಯೆಲ್ಲ ನಗು. ಈ ಆಟ ನಮ್ಮ ಮನೆಯ ಕಷ್ಟಕಾಲಕ್ಕೂ ಒದಗೀತೆಂದು ನಾನು ಎಣಿಸಿರಲಿಲ್ಲ.

ಗುಂಡ್ಲುಪೇಟೆ ಬಳಿಯ ಹಳ್ಳಿಯಲ್ಲಿರುವ ನನ್ನ ತಂಗಿಗೆ ನಲವತ್ತಾರು. ವರ್ಷದಿಂದ ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಗಡ್ಡೆಗಳು ಕಂಡವು. ಒಂದು ನರ್ಸಿಂಗ್ ಹೋಂನಲ್ಲಿ, 'ತೆಗೆಸಿಬಿಡಿ, ನಾಳೆಯೇ ಬನ್ನಿ' ಎಂದರಂತೆ. ಬೆಂಗಳೂರಿನಲ್ಲಿರುವ ಅವಳ ಮಗ ಫೋನು ಮಾಡಿ, 'ಮಾವ, ಇಲ್ಲಿ ರೋಬೋಟೇ ಆಪರೇಷನ್ ಮಾಡುತ್ತೆ. ಅಮ್ಮನಿಗೆ ಅದೇ ಸೇಫು' ಎಂದ.

ಭಾನುವಾರ ಚಾಮರಾಜನಗರದಿಂದ ತೆರಕಣಾಂಬಿ ದಾರಿಯ ಬಸ್ಸು ಹತ್ತಿ ಹೋದೆ. ತಂಗಿಯ ಮುಖ ಬಿಳಿಚಿಕೊಂಡಿತ್ತು. 'ಅಣ್ಣಯ್ಯಾ, ಮಿಷನ್ನು ಕೆಟ್ಟುಹೋದರೆ ನನ್ನ ಗತಿ?' ಎಂದಳು.

ನಾನು ಅದೇ ರಟ್ಟಿನ ಪೆಟ್ಟಿಗೆಯ ಆಟ ತೋರಿಸಿದೆ. ಉದರದರ್ಶಕದ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಪಡುವ ಪಾಡು ಇದೇ. ಹೊಟ್ಟೆಯ ಸಣ್ಣ ತೂತಿನಲ್ಲಿ ಉದ್ದನೆಯ ಉಪಕರಣ ತೂರಿಸಿ ತಿರುವುಮುರುವಾಗಿ ಕೈಯಾಡಿಸಬೇಕು. ಅಮೆರಿಕದ ಡಾ. ಹ್ಯಾರಿ ರೀಚ್ 1988ರಲ್ಲಿ ಈ ಬಗೆಯಲ್ಲಿ ಮೊದಲ ಬಾರಿ ಗರ್ಭಕೋಶ ತೆಗೆದರು. ರೋಬೋಟು ಈ ತೊಡಕನ್ನು ನೀಗಿಸುತ್ತದೆ. ವೈದ್ಯರು ಪಕ್ಕದಲ್ಲಿ ಕುಳಿತು, ಹಿಗ್ಗಿಸಿದ ಚಿತ್ರ ನೋಡುತ್ತ ಬೆರಳಾಡಿಸುತ್ತಾರೆ. ಕೈ ಎಡಕ್ಕೆ ಹೋದರೆ ತುದಿಯೂ ಎಡಕ್ಕೇ. ಮಣಿಕಟ್ಟಿನಂತೆ ಬಾಗುತ್ತದೆ, ಕೈನಡುಕ ಒಳಗೆ ತಲುಪುವುದಿಲ್ಲ. ಆದರೆ ಅದು ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಬಹುತೇಕ ಯಂತ್ರಗಳಲ್ಲಿ ಸ್ಪರ್ಶವೂ ವೈದ್ಯರ ಕೈಗೆ ತಿಳಿಯುವುದಿಲ್ಲ.

ಹಾಗಾದರೆ ಹೆಚ್ಚು ಸುರಕ್ಷಿತವೇ? ಅಮೆರಿಕದಲ್ಲಿ ಸ್ತ್ರೀರೋಗ ಶಸ್ತ್ರಚಿಕಿತ್ಸೆಗೆ 2005ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಕ್ಯಾನ್ಸರಲ್ಲದ ತೊಂದರೆಗೆ ಗರ್ಭಕೋಶ ತೆಗೆಸಿಕೊಂಡ ಅಲ್ಲಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಉದರದರ್ಶಕದಲ್ಲಿ ನೂರಕ್ಕೆ 5.3, ರೋಬೋಟಿನಲ್ಲಿ 5.5 ಮಂದಿಗೆ ತೊಡಕು. ಖರ್ಚು ಮಾತ್ರ ಎರಡು ಸಾವಿರ ಡಾಲರಿಗೂ ಹೆಚ್ಚು. ಗರ್ಭಕೊರಳಿನ ಕ್ಯಾನ್ಸರಿನ ಮಾತೇ ಬೇರೆ. ಅದರ ಆರಂಭದ ಹಂತದಲ್ಲಿ ಸಣ್ಣ ತೂತಿನ ವಿಧಾನಗಳಿಗಿಂತ ಹೊಟ್ಟೆ ತೆರೆದು ಮಾಡುವುದೇ ಮೇಲೆಂದು 2018ರ ಪ್ರಯೋಗ ತೋರಿಸಿತು.

ಆದರೆ ರೋಬೋಟಿನ ಪ್ರಶ್ನೆ ಕೊನೆಯದು. ಮೊದಲನೆಯದು, ತೆಗೆಯಲೇಬೇಕೇ ಎಂಬುದು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಆದೇಶಿಸಿದ್ದು ಸುಮ್ಮನೆ ಅಲ್ಲ.

ತಂಗಿಯನ್ನು ಮೈಸೂರಿನಲ್ಲಿ ಇನ್ನೊಬ್ಬ ವೈದ್ಯೆಗೆ ತೋರಿಸಿದೆವು. ಅವರು ಮೊದಲು ರಕ್ತಹೀನತೆ ಸರಿಪಡಿಸಿದರು, ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಂಡರು, ಔಷಧಿ ಕೊಟ್ಟು ನಾಲ್ಕು ತಿಂಗಳು ನೋಡಿದರು. ಸ್ರಾವ ನಿಲ್ಲಲಿಲ್ಲ. 'ಈಗ ತೆಗೆಯಬಹುದು. ಅಂಡಾಶಯ ಚೆನ್ನಾಗಿದೆ, ಅದನ್ನು ಉಳಿಸೋಣ' ಎಂದರು. ರೋಬೋಟಿಲ್ಲದೆ, ನೂರಾರು ಸಲ ಪಳಗಿದ ತಮ್ಮ ಕೈಯಿಂದಲೇ ಉದರದರ್ಶಕದಲ್ಲಿ ಮಾಡಿದರು. ಮೂರನೆಯ ದಿನ ತಂಗಿ ಮನೆಗೆ ಬಂದಳು.

ತಾಯಂದಿರ ವಿಷಯವೆಂದು ಗಂಡುಮಕ್ಕಳು ನಾಚಿ ಸುಮ್ಮನಿರಬಾರದು. ಡಾಕ್ಟರನ್ನು ಕೇಳಿ: ಬೇರೆ ದಾರಿ ಇಲ್ಲವೇ? ಇಂಥದ್ದನ್ನು ನೀವು ಎಷ್ಟು ಮಾಡಿದ್ದೀರಿ? ನಡುವೆ ತೊಡಕಾದರೆ ಹೊಟ್ಟೆ ತೆರೆಯುವ ಏರ್ಪಾಡು ಇದೆಯೇ? ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಈ ಸಲ ಚೆಂಡುಹೂವಿನ ಕೊಯ್ಲಿನ ಹೊತ್ತಿಗೆ ತಂಗಿ ಹೊಲದಲ್ಲಿದ್ದಳು. ಮಗ ಮಾತ್ರ ಇನ್ನೂ ರೋಬೋಟಿನ ಗುಣಗಾನ ಮಾಡುತ್ತಾನೆ. ಅವಳು ನಗುತ್ತ, 'ಕಡ್ಡಿ ಯಾವುದಾದರೇನಪ್ಪ, ಹಿಡಿದ ಕೈ ನೋಡಬೇಕು' ಎನ್ನುತ್ತಾಳೆ.