ಎರಡು ಸೆಕೆಂಡು

"ನೂರಾಹತ್ತು ವೋಲ್ಟು ಏನ್ ಮಾಡ್ತೈತ್ರಿ ಸಾಹೇಬ್ರ? ಮನ್ಯಾಗಿನ ಕರೆಂಟಿನ ಅರ್ಧ ಐತಿ," ಎಂದು ಕಾಕಾ ನಕ್ಕಿದ್ದರು. ಸಬ್‌ಸ್ಟೇಷನ್ನಿನಲ್ಲಿ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ನಾನೂ ನಕ್ಕೆ.

ಬ್ಯಾಟರಿ ಕೋಣೆಯಲ್ಲಿ ತಲಾ 2 ವೋಲ್ಟಿನ 55 ಸೆಲ್‌ಗಳು ಎರಡು ಸಾಲಾಗಿ ಕೂತಿದ್ದವು. ಊರಿಗೆಲ್ಲ ಕರೆಂಟು ಹೋದರೂ ಬ್ರೇಕರುಗಳಿಗೆ ಜೀವ ಕೊಡುವುದು ಇವೇ. ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಕಾಕಾ ನಟ್ಟು ಬಿಗಿಯುತ್ತಿದ್ದರು. ಸ್ಪ್ಯಾನರ್ ಜಾರಿ, ಅಕ್ಕಪಕ್ಕದಲ್ಲೇ ಇದ್ದ ಕೊನೆಯ ಎರಡು ಟರ್ಮಿನಲ್‌ಗಳ ನಡುವೆ ಬಿತ್ತು. ನೀಲಿ-ಬಿಳಿ ಬೆಳಕು, ಪಟಾಕಿಯಂಥ ಸದ್ದು. ಕಣ್ಣು ಬಿಟ್ಟಾಗ ಸ್ಪ್ಯಾನರಿನ ಒಂದು ತುಂಡೇ ಇರಲಿಲ್ಲ. ಕಾಕಾ ಅವರ ಮೀಸೆ ಅರ್ಧ ಸುಟ್ಟಿತ್ತು. ಅಷ್ಟರಲ್ಲಿ ಮುಗಿದದ್ದು ಪುಣ್ಯ.

ಆ ರಾತ್ರಿ ಲೆಕ್ಕಕ್ಕೆ ಕೂತೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ. ಆರ್ಕ್ ಆರಲು ಅದೊಂದು ಅವಕಾಶ. ಡಿಸಿಯಲ್ಲಿ ಆ ಬಿಡುವಿಲ್ಲ. ಬ್ಯಾಟರಿಯನ್ನು ಒಳಗಿನಿಂದ ಆಫ್ ಮಾಡುವ ಸ್ವಿಚ್ಚೂ ಇಲ್ಲ. ಒಂದೊಂದು ಸೆಲ್ಲಿನ ಒಳರೋಧ ಅರ್ಧ ಮಿಲಿಓಮ್ ಎಂದು ಹಿಡಿದರೆ 55ಕ್ಕೆ 27.5. ನೂರಾಹತ್ತನ್ನು ಅದರಿಂದ ಭಾಗಿಸಿದರೆ ಶಾರ್ಟ್ ಸರ್ಕ್ಯೂಟ್ ಕರೆಂಟು 4,000 ಆಂಪಿಯರ್. ಮನೆಯ ಫ್ಯೂಸು ಹತ್ತಿಪ್ಪತ್ತು ಆಂಪಿಯರಿಗೇ ಸುಡುತ್ತದೆ!

2010ರಲ್ಲಿ ಡೋನ್ ಎಂಬ ಎಂಜಿನಿಯರ್ ಪ್ರಕಟಿಸಿದ ಸೂತ್ರದ ಪ್ರಕಾರ ಆರ್ಕ್ ಅತಿ ಹೆಚ್ಚು ಶಕ್ತಿ ಉಗುಳುವುದು ಅರ್ಧ ವೋಲ್ಟು, ಅರ್ಧ ಕರೆಂಟು ಅದರ ಪಾಲಿಗೆ ಬಂದಾಗ. ಮುಖಕ್ಕೂ ಆರ್ಕಿಗೂ 45 ಸೆಂಟಿಮೀಟರ್ ಅಂತರ, ಅವಧಿ 2 ಸೆಕೆಂಡು ಎಂದಿಟ್ಟೆ. ಚದರ ಸೆಂಟಿಮೀಟರಿಗೆ ಸುಮಾರು 2.2 ಕ್ಯಾಲೊರಿ ಬಂತು. ಚರ್ಮ ಬೊಬ್ಬೆ ಏಳಲು 1.2 ಸಾಕು.

ಈ ಲೆಕ್ಕ ಸ್ವಲ್ಪ ಜಾಸ್ತಿಯೇ ಹೆದರಿಸುತ್ತದೆ, ನಿಜ. ಇಷ್ಟು ಕಡಿಮೆ ವೋಲ್ಟಿನಲ್ಲಿ ಆರ್ಕ್ ಎಷ್ಟೋ ಸಲ ತಾನಾಗಿಯೇ ಆರಿಹೋಗುತ್ತದೆ. ಕಾಕಾ ಉಳಿದದ್ದೂ ಹಾಗೆಯೇ. ಆದರೆ ನನಗೆ ನಿದ್ದೆ ಬಾರದಂತೆ ಮಾಡಿದ್ದು ಆ ಎರಡು ಸೆಕೆಂಡು. ಎಲ್ಲರೂ ಅದನ್ನೇ ಹಾಕುತ್ತಾರೆ, ಯಾಕೆ? ಅಷ್ಟರಲ್ಲಿ ಮನುಷ್ಯ ದೂರ ಸರಿದಿರುತ್ತಾನೆ ಎಂಬ ನಂಬಿಕೆಯಿಂದ. ಸರಿಯಲು ಜಾಗವಿದ್ದರೆ ತಾನೆ?

ಬೆಳಿಗ್ಗೆ ಹೋಗಿ ನೋಡಿದೆ. ಆ ಸ್ಟೂಲಿನ ಹಿಂದೆ ಗೋಡೆ. ಬಾಗಿಲಿನ ದಾರಿಯಲ್ಲಿ ಡಿಸ್ಟಿಲ್ಡ್ ವಾಟರಿನ ಕ್ಯಾನುಗಳು, ಕಾಲು ಮುರಿದ ಒಂದು ಕುರ್ಚಿ. ದಿನಾ ದಾಟಿ ಓಡಾಡಿದ್ದೆ, ಕಂಡಿರಲಿಲ್ಲ.

ಕ್ಯಾನು ಎತ್ತತೊಡಗಿದೆ. ಕಾಕಾ ಬಂದು ಇನ್ನೊಂದಕ್ಕೆ ಕೈ ಹಾಕಿದರು. ಮೀಸೆ ಪೂರ್ತಿ ಬೋಳಿಸಿದ್ದರು.

"ರಾತ್ರಿಯೆಲ್ಲಾ ಲೆಕ್ಕಾ ಮಾಡಿದ್ರಂತ. ಏನ್ ಬಂತ್ರಿ?"

"ಈ ಕ್ಯಾನು ಹೊರಗಿಡಬೇಕು ಅಂತ ಬಂತು, ಕಾಕಾ," ಎಂದೆ.