ವಸ್ತಾದರ ಲೆಕ್ಕ ಇಟ್ಟವರ‍್ಯಾರು?

ಇಳಕಲ್ಲಿನ ಗೆಳೆಯರೆ,

ಜಾತ್ರೆ ಕುಸ್ತಿಯ ಬಗ್ಗೆ ನಾನು ಬರೆದದ್ದನ್ನು ಓದಿ ನೀವು ಕೇಳಿದಿರಿ: ಬರೀ ಮೈಬಲದ ಮೇಲೆ ಬದುಕಿದವ ಒಳ್ಳೆಯ ಗುರು ಆಗಬಲ್ಲನೇನು? ಆಗಬಲ್ಲ ಅಂತಲೇ ನನ್ನ ಉತ್ತರ. ದೂರದ ಸಾಕ್ಷಿ ಮೊದಲು ಕೊಡುತ್ತೇನೆ.

ಕೆನಡಾದ ಕ್ರೇಗ್ ಬೆರೂಬಿ ಐಸ್ ಹಾಕಿ ಆಡುತ್ತಿದ್ದ. ಗೋಲು ಹೊಡೆಯಲಿ ಅಂತ ಯಾರೂ ಅವನನ್ನು ಇಟ್ಟುಕೊಂಡಿರಲಿಲ್ಲ. ತಂಡದ ಮುಖ್ಯ ಆಟಗಾರನ ಮೈಮೇಲೆ ಯಾರಾದರೂ ಬಿದ್ದರೆ ಕೈಗವಸು ಕಿತ್ತೊಗೆದು ಗುದ್ದಾಟಕ್ಕೆ ಇಳಿಯುವುದು, ಆಮೇಲೆ ಐದು ನಿಮಿಷ ಹೊರಗೆ ಕೂತು ಶಿಕ್ಷೆ ಅನುಭವಿಸುವುದು, ಇದೇ ಅವನ ಕಸುಬು. 1,054 ಪಂದ್ಯ, 61 ಗೋಲು, 3,149 ನಿಮಿಷದ ಶಿಕ್ಷೆ. ಐವತ್ತೆರಡು ತಾಸು ದಾಟಿತು ನೋಡ್ರಿ! ಇಂಥವನ ಕೈಗೆ 2018ರ ನವೆಂಬರಿನಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ತಂಡ ತರಬೇತಿಗೆ ಬಂತು. ಜನವರಿ ಮೊದಲ ವಾರದಲ್ಲಿ ಲೀಗಿನ 31 ತಂಡಗಳೊಳಗೆ ಕಟ್ಟಕಡೆಗಿದ್ದ ಅದು ಜೂನ್ ತಿಂಗಳಿಗೆ ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿತು. 1967ರಿಂದ ಆಡುತ್ತಿದ್ದ ತಂಡಕ್ಕೆ ಅದೇ ಮೊದಲ ಕಪ್.

ನಮ್ಮ ಕಡೆ ಆಟಗಾರನೇ ಗುರುವಾಗುವ ಈ ದಾರಿ ಹಳೆಯದು. ಪೈಲ್ವಾನನಾಗದೆ ಯಾರೂ ಕುಸ್ತಿಯ ಗುರು, ಅಂದರೆ ವಸ್ತಾದ, ಆಗುವುದಿಲ್ಲ. ಹಳೆಯ ವಸ್ತಾದರ ಕಿವಿ ನೋಡಿ: ಎದುರಾಳಿಯ ತಲೆ ತಿಕ್ಕಿ ತಿಕ್ಕಿ ಮುದುಡಿ ಗಂಟಾಗಿರುತ್ತದೆ. ಎಣ್ಣೆ, ಅರಿಷಿಣ, ಮಜ್ಜಿಗೆ ಕುಡಿದ ಕೆಮ್ಮಣ್ಣಿನ ಅಂಚಿಗೆ ಕೂತು ಅವರು ಹುಡುಗರ ಪಾದವನ್ನಷ್ಟೇ ನೋಡುತ್ತಿರುತ್ತಾರೆ. ಹಿಮ್ಮಡಿ ಎದ್ದರೆ ಸಾಕು, ಪಟ್ಟು ಬೀಳುವ ಮೊದಲೇ ಗದರುತ್ತಾರೆ. ತಾವು ಹಾಗೆ ಬಿದ್ದದ್ದು ಅವರ ಮೈಗೆ ನೆನಪಿದೆ.

ನಮ್ಮ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರಲ್ಲಿ ದಿಲ್ಲಿಯ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ 55 ಕೆ.ಜಿ. ಗ್ರೀಕೊ-ರೋಮನ್ ಕಂಚು ಗೆದ್ದ. ಆ ಕುಸ್ತಿಯಲ್ಲಿ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ, ಕಾಲು ಕೊಡುವಂತೆಯೂ ಇಲ್ಲ. ಮಣ್ಣಿನಲ್ಲಿ ಕಾಲು ಎಳೆದು ಕೆಡವುತ್ತ ಬೆಳೆದ ಹುಡುಗರಿಗೆ ಆ ರೂಢಿ ಬಿಡಿಸಬೇಕಲ್ಲ, ಗುರುವಿನ ಕಷ್ಟ ಅಲ್ಲಿದೆ.

ಕಬಡ್ಡಿಯಲ್ಲಿ ನಮ್ಮ ಬಿ.ಸಿ. ರಮೇಶ್ ಇದ್ದಾರೆ. 2001ರ ಅರ್ಜುನ ಪ್ರಶಸ್ತಿ ಅವರದು. ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸನ್ನೂ 2024ರಲ್ಲಿ ಪುಣೇರಿ ಪಲ್ಟನ್ನನ್ನೂ ಲೀಗಿನ ಚಾಂಪಿಯನ್ ಮಾಡಿದರು. ಟಿ.ವಿ.ಯಲ್ಲಿ ಬಂತು, ದಾಖಲೆಯಾಯಿತು. ಬೆರೂಬಿಯ ಶಿಕ್ಷೆಯ ನಿಮಿಷಕ್ಕೂ ಲೆಕ್ಕ ಉಂಟು. ಊರ ವಸ್ತಾದರು ಎಷ್ಟು ಜೋಡಿ ಕೆಡವಿದರು, ಯಾವ ಜಾತ್ರೆಯಲ್ಲಿ ಕಡೆ ಕುಸ್ತಿ ಹಿಡಿದರು ಎಂಬುದಕ್ಕೆ ಮಾತ್ರ ಯಾವ ವಹಿಯೂ ಇಲ್ಲ.

ಅದಕ್ಕೇ ನಿಮ್ಮಲ್ಲೊಂದು ವಿನಂತಿ. ಇಳಕಲ್, ಹುನಗುಂದ, ಬಾದಾಮಿ ಕಡೆಯ ಹಿರಿಯ ವಸ್ತಾದರನ್ನು ಬಿಡುವಾದಾಗ ಮಾತಾಡಿಸಿ. ವರ್ಷ, ಊರು, ಎದುರಾಳಿ, ಕೆಡವಿದ ಪಟ್ಟು ಇಷ್ಟನ್ನು ಬರೆದು ಕಳಿಸಿ.

ನಿಮ್ಮವ